ಲೈಟ್‌ರೂಮ್ ಬಿಟ್ಟರೆ ಹಳೆ ಫೋಟೋಗಳ ಗತಿ ಏನು?

ಮದುವೆ ಸೀಸನ್ ಮುಗಿದು ಕೈ ಸ್ವಲ್ಪ ಖಾಲಿಯಾದರೆ ಸಾಕು, ಬಳ್ಳಾರಿ, ಗಂಗಾವತಿ, ರಾಯಚೂರು ಕಡೆಯ ಫೋಟೋ ಸ್ಟುಡಿಯೋಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಆಲ್ಬಂ ಪ್ರಿಂಟಿಂಗ್ ಖರ್ಚು, ಲೆನ್ಸ್ ಕಂತು, ಅದರ ಜೊತೆಗೆ ತಿಂಗಳು ತಿಂಗಳು ಕಟ್ಟುವ ಎಡಿಟಿಂಗ್ ಸಾಫ್ಟ್‌ವೇರ್ ಚಂದಾ. ಫೋಟೋ ಜೋಡಿಸಿಡಲು, ಎಡಿಟ್ ಮಾಡಲು ಬಳಸುವ ಅಡೋಬಿ ಕಂಪನಿಯ ಲೈಟ್‌ರೂಮ್ ಮೊದಲು ಹೀಗಿರಲಿಲ್ಲ. 2015ರಲ್ಲಿ ಬಂದ ಲೈಟ್‌ರೂಮ್ 6 ತನಕ ಒಂದೇ ಸಲ ದುಡ್ಡು ಕೊಟ್ಟು ತಗೊಳ್ಳಬಹುದಿತ್ತು. 2017ರ ಅಕ್ಟೋಬರ್‌ನಲ್ಲಿ ಅದಕ್ಕೆ ಲೈಟ್‌ರೂಮ್ ಕ್ಲಾಸಿಕ್ ಎಂದು ಹೆಸರಾಯಿತು. ಅಲ್ಲಿಂದ ಈಚೆಗೆ ಚಂದಾ ಇದ್ದರೆ ಮಾತ್ರ ಹೊಸ ಆವೃತ್ತಿ. 2025ರ ಜನವರಿಯಿಂದ 20 ಜಿಬಿ ಕ್ಲೌಡ್ ಜಾಗದ ಅಗ್ಗದ ಫೋಟೋಗ್ರಫಿ ಪ್ಲಾನ್ ಕೂಡ ಹೊಸ ಗ್ರಾಹಕರಿಗೆ ಸಿಗುವುದಿಲ್ಲ.

ಇದರ ಜೊತೆಗೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿತು. ಕಂಪ್ಯೂಟರ್ ಬದಲಾಯಿಸುವವರು ಹೇಗಿದ್ದರೂ ಬದಲಾಯಿಸುತ್ತಿದ್ದೇವಲ್ಲ, ಸಾಫ್ಟ್‌ವೇರೂ ಬದಲಾಗಲಿ ಎನ್ನುತ್ತಿದ್ದಾರೆ. ಡಾರ್ಕ್‌ಟೇಬಲ್‌ನಂಥ ಉಚಿತ ಪ್ರೋಗ್ರಾಮ್‌ಗಳಿವೆ, ಒಂದೇ ಸಲ ದುಡ್ಡು ಕೊಡುವಂಥವೂ ಇವೆ. ಇಲ್ಲಿ ಎಲ್ಲರಿಗೂ ಏಳುವ ಪ್ರಶ್ನೆ ಒಂದೇ: ಹತ್ತು ವರ್ಷದಿಂದ ಲೈಟ್‌ರೂಮ್‌ನಲ್ಲಿ ಇಟ್ಟಿರುವ ಫೋಟೋಗಳನ್ನು ಅಲ್ಲಿಗೆ ಸಾಗಿಸುವುದು ಹೇಗೆ?

ಉತ್ತರದ ಮೊದಲ ಭಾಗ ಕೇಳಿದರೆ ಸುಮಾರು ಜನರಿಗೆ ನಂಬಿಕೆ ಬರುವುದಿಲ್ಲ. ಫೋಟೋಗಳು ಲೈಟ್‌ರೂಮ್‌ನ ಒಳಗೆ ಇಲ್ಲವೇ ಇಲ್ಲ.

ಹಾಗಾದರೆ ಲೈಟ್‌ರೂಮ್‌ನಲ್ಲಿ ಇರುವುದು ಏನು?

ಗಂಗಾವತಿಯ ಅಕ್ಕಿ ಗೋದಾಮು ನೆನಪಿಸಿಕೊಳ್ಳಿ. ಚೀಲಗಳೆಲ್ಲ ಗೋದಾಮಿನಲ್ಲಿ ಸಾಲಾಗಿ ಇರುತ್ತವೆ. ಗುಮಾಸ್ತರ ಮೇಜಿನ ಮೇಲೆ ಒಂದು ಖಾತೆ ಪುಸ್ತಕ. ಯಾವ ಸಾಲಿನಲ್ಲಿ ಯಾರ ಚೀಲ, ಯಾವ ತಳಿ, ಎಂದು ಬಂತು, ಯಾರಿಗೆ ಹೋಗಬೇಕು, ಎಲ್ಲ ಅದರಲ್ಲಿದೆ. ಪುಸ್ತಕದಲ್ಲಿ ಒಂದು ಕಾಳು ಅಕ್ಕಿಯೂ ಇಲ್ಲ. ಆದರೆ ಪುಸ್ತಕ ಕಳೆದರೆ ಅಷ್ಟೂ ಚೀಲ ಕಣ್ಣೆದುರಿಗೇ ಇದ್ದರೂ ಯಾವುದು ಯಾರದ್ದು ಎಂದು ಗೊತ್ತಾಗುವುದಿಲ್ಲ.

ಲೈಟ್‌ರೂಮ್‌ನ ಕ್ಯಾಟಲಾಗ್ ಎಂದರೆ ಆ ಖಾತೆ ಪುಸ್ತಕ. ಕೊನೆಯಲ್ಲಿ ಎಲ್‌ಆರ್‌ಕ್ಯಾಟ್ ಎಂದು ಇರುವ ಒಂದೇ ಒಂದು ಫೈಲ್. ನಿಮ್ಮ ಫೋಟೋಗಳು ಹಾರ್ಡ್ ಡಿಸ್ಕ್‌ನ ಫೋಲ್ಡರ್‌ಗಳಲ್ಲಿ ನೀವು ಇಟ್ಟಲ್ಲೇ ಇವೆ. ಆ ಫೈಲ್‌ನಲ್ಲಿ ಇರುವುದು ವಿವರ ಮಾತ್ರ: ಫೋಟೋ ಯಾವ ಡ್ರೈವ್‌ನ ಯಾವ ಫೋಲ್ಡರ್‌ನಲ್ಲಿದೆ, ಎಷ್ಟು ಸ್ಟಾರ್ ಕೊಟ್ಟಿದ್ದೀರಿ, ಯಾವ ಬಣ್ಣದ ಲೇಬಲ್, ಹುಡುಕಲು ಅನುಕೂಲಕ್ಕೆ ಹಾಕಿದ ಪದ ಅಂದರೆ ಕೀವರ್ಡ್ ಯಾವುದು, ಎಷ್ಟು ಬೆಳಕು ಹೆಚ್ಚಿಸಿದಿರಿ, ಎಲ್ಲಿ ಕ್ರಾಪ್ ಮಾಡಿದಿರಿ.

ಇದು ಗೊತ್ತಾದರೆ ಒಂದು ಹಳೆಯ ಕಾಟವೂ ಅರ್ಥವಾಗುತ್ತದೆ. ಹೊರಗಿನ ಹಾರ್ಡ್ ಡಿಸ್ಕ್ ಹಾಕಿದಾಗ ಇದ್ದಕ್ಕಿದ್ದಂತೆ ಎಲ್ಲ ಫೋಲ್ಡರ್ ಮೇಲೂ ಪ್ರಶ್ನೆ ಚಿಹ್ನೆ ಬರುತ್ತದಲ್ಲ? ವಿಂಡೋಸ್ ಆ ಡಿಸ್ಕ್‌ಗೆ ಮೊದಲು 'ಇ' ಎಂದು ಅಕ್ಷರ ಕೊಟ್ಟಿತ್ತು, ಈಗ 'ಎಫ್' ಕೊಟ್ಟಿದೆ, ಅಷ್ಟೇ. ಚೀಲ ಅಲ್ಲೇ ಇದೆ, ಪುಸ್ತಕದಲ್ಲಿ ಬರೆದ ಸಾಲಿನ ನಂಬರ್ ಹೊಂದುತ್ತಿಲ್ಲ.

ಹಾಗಾಗಿ ಪ್ರೋಗ್ರಾಮ್ ಬದಲಾಯಿಸುವಾಗ ಫೋಟೋ ಸಾಗಿಸುವ ಕೆಲಸ ಬಹುತೇಕ ಇಲ್ಲ. ಹೊಸ ಪ್ರೋಗ್ರಾಮ್‌ಗೆ ಅದೇ ಫೋಲ್ಡರ್ ತೋರಿಸಿದರೆ ಫೋಟೋಗಳು ಕಾಣುತ್ತವೆ. ಸಾಗಿಸಬೇಕಾದದ್ದು ಪುಸ್ತಕದಲ್ಲಿ ಬರೆದ ವಿಷಯವನ್ನು. ಹೊಸ ಗುಮಾಸ್ತರು ಸಾಮಾನ್ಯವಾಗಿ ಹಳೆಯವರ ಪುಸ್ತಕ ಓದಲಾರರು. ಅದಕ್ಕೆ, ಹಳಬರು ಕೆಲಸ ಬಿಡುವ ಮುಂಚೆ ಪ್ರತಿ ಚೀಲದ ಮೇಲೂ ವಿವರ ಬರೆಸಿಕೊಂಡುಬಿಡುವುದು ಜಾಣತನ.

ರಾ ಫೈಲ್ ಮತ್ತು ಎಡಿಟ್: ಎರಡೂ ಬೇರೆ ಬೇರೆ

ಕ್ಯಾಮೆರಾದ ರಾ ಫೈಲ್ ಎಂದರೆ ಸೆನ್ಸರ್ ಮೇಲೆ ಬಿದ್ದ ಬೆಳಕಿನ ಅಳತೆಗಳ ರಾಶಿ. ನಿಕಾನ್‌ನಲ್ಲಿ ಎನ್‌ಇಎಫ್, ಕ್ಯಾನನ್‌ನಲ್ಲಿ ಸಿಆರ್2 ಅಥವಾ ಸಿಆರ್3, ಸೋನಿಯಲ್ಲಿ ಎಆರ್‌ಡಬ್ಲ್ಯು. ಅದು ಇನ್ನೂ ಪೂರ್ತಿ ಚಿತ್ರ ಅಲ್ಲ. ಅಳತೆಗಳಿಂದ ಬಣ್ಣ ಕಟ್ಟುವ ಕೆಲಸ ಪ್ರೋಗ್ರಾಮ್‌ನದು, ಪ್ರತಿ ಪ್ರೋಗ್ರಾಮ್‌ಗೂ ಅದರದ್ದೇ ವಿಧಾನ ಇದೆ. ಒಂದೇ ರಾ ಫೈಲ್ ಲೈಟ್‌ರೂಮ್‌ನಲ್ಲಿ ಒಂಥರಾ, ಡಾರ್ಕ್‌ಟೇಬಲ್‌ನಲ್ಲಿ ಇನ್ನೊಂಥರಾ ಕಾಣುವುದು ಈ ಕಾರಣಕ್ಕೆ. ಇದರಲ್ಲಿ ಯಾವುದೂ ಕೆಟ್ಟದ್ದಲ್ಲ. ವಧುವಿನ ರೇಷ್ಮೆ ಸೀರೆಯ ಕೆಂಪು ಸ್ವಲ್ಪ ಬೇರೆಯಾಗಿ ಕಂಡರೆ ಗಾಬರಿ ಆಗಬೇಡಿ.

ಎಡಿಟ್ ಮಾಡಿದಾಗ ಲೈಟ್‌ರೂಮ್ ರಾ ಫೈಲ್ ಅನ್ನು ಮುಟ್ಟುವುದೇ ಇಲ್ಲ. 'ಬೆಳಕು ಇಷ್ಟು ಹೆಚ್ಚಿಸು, ನೆರಳು ಇಷ್ಟು ತೆರೆ' ಎಂಬ ಸೂಚನೆಗಳನ್ನು ಕ್ಯಾಟಲಾಗ್‌ನಲ್ಲಿ ಬರೆದುಕೊಳ್ಳುತ್ತದೆ. ಪರದೆಯ ಮೇಲೆ ತೋರಿಸುವಾಗ, ಎಕ್ಸ್‌ಪೋರ್ಟ್ ಮಾಡುವಾಗ ಮಾತ್ರ ಅವುಗಳನ್ನು ಜಾರಿಗೆ ತರುತ್ತದೆ. ನಿಮ್ಮ ಮೂಲ ಫೋಟೋ ಯಾವತ್ತೂ ಹಾಳಾಗುವುದಿಲ್ಲ. ಆದರೆ ಹೊಸ ಪ್ರೋಗ್ರಾಮ್‌ನಲ್ಲಿ ತೆರೆದಾಗ ಕಾಣುವುದು ಆ ಎಡಿಟ್ ಇಲ್ಲದ ಮೂಲ ಫೋಟೋನೇ.

ಎಕ್ಸ್‌ಎಂಪಿ: ಚೀಲದ ಮೇಲಿನ ಬರಹ

2001ರಲ್ಲಿ ಅಡೋಬಿ ಎಕ್ಸ್‌ಎಂಪಿ ಎಂಬ ಒಂದು ಬರವಣಿಗೆ ಪದ್ಧತಿ ತಂದಿತು. ಫೋಟೋ ಬಗೆಗಿನ ವಿವರಗಳನ್ನು ಯಾವ ಪ್ರೋಗ್ರಾಮ್ ಬೇಕಾದರೂ ಓದುವ ಹಾಗೆ ಬರೆದಿಡುವ ಪದ್ಧತಿ. 2012ರಲ್ಲಿ ಅದು ಐಎಸ್‌ಓ ಸಂಸ್ಥೆಯ ಅಂತಾರಾಷ್ಟ್ರೀಯ ಮಾನದಂಡವೂ ಆಯಿತು. ಇವತ್ತು ಹೆಚ್ಚುಕಡಿಮೆ ಎಲ್ಲ ಫೋಟೋ ಪ್ರೋಗ್ರಾಮ್‌ಗಳೂ ಇದನ್ನು ಓದುತ್ತವೆ. ನಮ್ಮ ಇಡೀ ಸಾಗಾಟ ನಿಂತಿರುವುದು ಇದರ ಮೇಲೆ.

ಜೆಪೆಗ್ ಮತ್ತು ಡಿಎನ್‌ಜಿ (ಅಡೋಬಿಯದೇ ರಾ ಮಾದರಿ) ಫೈಲ್ ಆದರೆ ಎಕ್ಸ್‌ಎಂಪಿ ವಿವರ ಆ ಫೈಲ್‌ನ ಒಳಗೇ ಹೋಗಿ ಕೂರುತ್ತದೆ. ಕ್ಯಾಮೆರಾ ಕಂಪನಿಯ ರಾ ಫೈಲ್ ಆದರೆ ಒಳಗೆ ಬರೆಯುವುದಿಲ್ಲ. ಪಕ್ಕದಲ್ಲಿ ಅದೇ ಹೆಸರಿನ ಪುಟ್ಟ ಜೊತೆ ಫೈಲ್ ಹುಟ್ಟುತ್ತದೆ.

ಒಂದು ಉದಾಹರಣೆ ನೋಡೋಣ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಸ್ಥಾನ ಇದೆ. ಅದರ ಕಂಬಗಳ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ತೆಗೆದ ಒಂದು ಫೋಟೋ, ಹೆಸರು 'ಇಟಗಿ-0412', ಎನ್‌ಇಎಫ್ ಫೈಲ್ ಎಂದುಕೊಳ್ಳಿ. ಪಕ್ಕದಲ್ಲಿ 'ಇಟಗಿ-0412' ಎಂಬ ಎಕ್ಸ್‌ಎಂಪಿ ಫೈಲ್ ಇರುತ್ತದೆ. ರಾ ಫೈಲ್ ಕೆಲವು ಹತ್ತು ಎಂಬಿ, ಇದು ಕೆಲವು ಕೆಬಿ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ರೇಟಿಂಗ್ 4. ಲೇಬಲ್ ಕೆಂಪು. ಕೀವರ್ಡ್‌ಗಳು ಒಂದರ ಕೆಳಗೊಂದು: ಇಟಗಿ, ಮಹಾದೇವ ದೇವಸ್ಥಾನ, ಕಲ್ಯಾಣ ಚಾಲುಕ್ಯ. ಕೀವರ್ಡ್‌ಗಳನ್ನು ಒಂದರೊಳಗೊಂದು ಜೋಡಿಸಿಟ್ಟಿದ್ದರೆ ಅದು ಬೇರೆ ಜಾಗದಲ್ಲಿ, ನಡುವೆ ಉದ್ದ ಗೆರೆ ಹಾಕಿ ಬರೆದಿರುತ್ತದೆ: ಸ್ಥಳ, ಕೊಪ್ಪಳ, ಇಟಗಿ. ಇಲ್ಲಿಯ ತನಕ ಯಾರಿಗಾದರೂ ಅರ್ಥವಾಗುತ್ತದೆ.

ಇನ್ನೂ ಕೆಳಗೆ ಹೋದರೆ ಎಡಿಟ್‌ನ ಸೂಚನೆಗಳು ಸಿಗುತ್ತವೆ. ಹೆಸರು ಗಮನಿಸಿ: ಎಕ್ಸ್‌ಪೋಶರ್2012, ಹೈಲೈಟ್ಸ್2012, ಶ್ಯಾಡೋಸ್2012. ಯಾಕೆ 2012? ಆ ವರ್ಷ ಬಂದ ಲೈಟ್‌ರೂಮ್ 4ರಲ್ಲಿ ಅಡೋಬಿ ತನ್ನ ಲೆಕ್ಕ ಹಾಕುವ ವಿಧಾನವನ್ನೇ ಬದಲಾಯಿಸಿತು, ಹಳೆಯದರ ಜೊತೆ ಕಲಸಿಹೋಗದಿರಲಿ ಎಂದು ವರ್ಷ ಸೇರಿಸಿತು. ಅಂದರೆ ಅಡೋಬಿಯ ಒಳಗೇ 2010ರ ಸ್ಲೈಡರ್‌ನ ಅಂಕಿಗೂ 2012ರ ಸ್ಲೈಡರ್‌ನ ಅಂಕಿಗೂ ಒಂದೇ ಅರ್ಥ ಇರಲಿಲ್ಲ. ಹಾಗಿರುವಾಗ ಬೇರೆ ಕಂಪನಿಯ ಪ್ರೋಗ್ರಾಮ್ 'ಶ್ಯಾಡೋಸ್ +40' ಓದಿ ಅದೇ ಚಿತ್ರ ಹೇಗೆ ಕೊಟ್ಟೀತು? ಅಂಕಿ ಕಾಣುತ್ತದೆ, ಆ ಅಂಕಿಯಿಂದ ಏನು ಮಾಡಬೇಕು ಎಂಬ ಲೆಕ್ಕ ಅಡೋಬಿಯ ಒಳಗಿದೆ.

ಇನ್ನೊಂದು ಮುಖ್ಯ ವಿಷಯ. ಲೈಟ್‌ರೂಮ್ ಈ ಎಕ್ಸ್‌ಎಂಪಿಯನ್ನು ತಾನಾಗಿ ಬರೆಯುತ್ತಿದೆ ಎಂದು ಅಂದುಕೊಳ್ಳಬೇಡಿ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾ ಟ್ಯಾಬ್‌ನಲ್ಲಿ ಅದಕ್ಕೊಂದು ಟಿಕ್ ಇದೆ. ಅದು ಹಾಕಿರದಿದ್ದರೆ ಎಲ್ಲವೂ ಕ್ಯಾಟಲಾಗ್‌ನಲ್ಲಿ ಮಾತ್ರ ಇರುತ್ತದೆ. ನಮ್ಮ ಕಡೆ ಹೆಚ್ಚಿನ ಸ್ಟುಡಿಯೋ ಕಂಪ್ಯೂಟರ್‌ಗಳಲ್ಲಿ ಆ ಟಿಕ್ ಕಡೆ ಯಾರೂ ತಲೆ ಹಾಕಿರುವುದಿಲ್ಲ.

ಯಾವುದು ಬರುತ್ತದೆ, ಯಾವುದು ಬರುವುದಿಲ್ಲ

ಸ್ಟಾರ್, ಕೀವರ್ಡ್, ಕ್ಯಾಪ್ಷನ್, ಕಾಪಿರೈಟ್, ಜಿಪಿಎಸ್ ಜಾಗ: ಇವು ನೆಮ್ಮದಿಯಾಗಿ ಬರುತ್ತವೆ. ಫೋಟೋ ತೆಗೆದ ದಿನ, ಲೆನ್ಸ್, ಶಟರ್ ವೇಗ ಇವೆಲ್ಲ ಕ್ಯಾಮೆರಾವೇ ಫೈಲ್‌ನೊಳಗೆ ಬರೆದ ಎಕ್ಸಿಫ್ ಮಾಹಿತಿ. ಅವು ಫೋಟೋ ಇದ್ದಲ್ಲೇ ಇರುತ್ತವೆ, ಚಿಂತೆ ಬೇಡ.

ಬಣ್ಣದ ಲೇಬಲ್‌ನಲ್ಲಿ ಒಂದು ಕೊಕ್ಕೆ ಇದೆ. ಎಕ್ಸ್‌ಎಂಪಿಯಲ್ಲಿ ಬಣ್ಣವೇ ಇರುವುದಿಲ್ಲ, ಲೇಬಲ್‌ನ ಹೆಸರು ಮಾತ್ರ ಇರುತ್ತದೆ. ಇಂಗ್ಲಿಷ್‌ನಲ್ಲಿ 'ರೆಡ್' ಎಂದಿದ್ದರೆ ಹೊಸ ಪ್ರೋಗ್ರಾಮ್ ಕೆಂಪು ತೋರಿಸುತ್ತದೆ. ಆದರೆ ಅನುಕೂಲಕ್ಕೆ ಆ ಹೆಸರನ್ನೇ 'ಆಲ್ಬಂಗೆ', 'ಪಾರ್ಟಿ ಸೆಲೆಕ್ಷನ್' ಎಂದು ಬದಲಾಯಿಸಿಕೊಂಡಿದ್ದೀರಾ? ಹೊಸ ಪ್ರೋಗ್ರಾಮ್‌ಗೆ 'ಪಾರ್ಟಿ ಸೆಲೆಕ್ಷನ್' ಎಂಬ ಬಣ್ಣ ಗೊತ್ತಿಲ್ಲ. ಹೊರಡುವ ಮುಂಚೆ ಲೇಬಲ್ ಸೆಟ್ ಅನ್ನು ಲೈಟ್‌ರೂಮ್‌ನ ಮೂಲ ಬಣ್ಣದ ಹೆಸರುಗಳಿಗೆ ತನ್ನಿ, ಆ ಫೋಟೋಗಳಿಗೆ ಲೇಬಲ್ ಮತ್ತೆ ಹಾಕಿ.

ಫ್ಲಾಗ್ ವಿಷಯದಲ್ಲಿ ಸುಮ್ನೆ ರಿಸ್ಕ್ ತಗೊಳ್ಳಬೇಡಿ. 'ಪಿಕ್', 'ರಿಜೆಕ್ಟ್' ಎಂಬ ಗುರುತುಗಳು ಲೈಟ್‌ರೂಮ್‌ನ ಒಳಗಿನ ವ್ಯವಹಾರ. ಬೇರೆ ಪ್ರೋಗ್ರಾಮ್ ಅವನ್ನು ಓದುತ್ತದೆ ಎಂದು ನೆಚ್ಚಿಕೊಳ್ಳುವ ಹಾಗಿಲ್ಲ. ಆರಿಸಿದ್ದಕ್ಕೆ ಒಂದು ಕೀವರ್ಡ್ ಹಾಕಿಬಿಡಿ.

ನಿಜವಾಗಿ ನೋವು ಕೊಡುವುದು ಕಲೆಕ್ಷನ್‌ಗಳು. ಫೋಲ್ಡರ್ ಬೇರೆ ಬೇರೆ ಇದ್ದರೂ ಒಂದು ವಿಷಯದ ಫೋಟೋಗಳನ್ನು ಒಂದೆಡೆ ತೋರಿಸುವ ಪಟ್ಟಿ ಅದು. ಕಂಪ್ಲಿ ಕಡೆ ತುಂಗಭದ್ರೆಯಲ್ಲಿ ವರ್ಷಗಟ್ಟಲೆ ತೆಗೆದ ನೀರುನಾಯಿ ಫೋಟೋಗಳು ಬೇರೆ ಬೇರೆ ತಿಂಗಳ ಫೋಲ್ಡರ್‌ಗಳಲ್ಲಿ ಇರುತ್ತವೆ, 'ನೀರುನಾಯಿ' ಕಲೆಕ್ಷನ್ ಅವನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. ಈ ಪಟ್ಟಿ ಇರುವುದು ಕ್ಯಾಟಲಾಗ್‌ನಲ್ಲಿ ಮಾತ್ರ, ಎಕ್ಸ್‌ಎಂಪಿಗೆ ಹೋಗುವುದೇ ಇಲ್ಲ. ಪರಿಹಾರ ಸುಲಭ, ಆದರೆ ಬೇಸರದ ಕೆಲಸ: ಒಂದೊಂದೇ ಕಲೆಕ್ಷನ್ ತೆರೆದು, ಎಲ್ಲ ಫೋಟೋ ಆರಿಸಿ, ಕಲೆಕ್ಷನ್ ಹೆಸರನ್ನೇ ಕೀವರ್ಡ್ ಆಗಿ ಹಾಕುವುದು. ಹೆಸರಿನ ಮುಂದೆ 'ಪಟ್ಟಿ-' ಎಂದು ಸೇರಿಸಿ, 'ಪಟ್ಟಿ-ನೀರುನಾಯಿ' ಎಂದು. ಹೊಸ ಕಡೆ ಹೋದ ಮೇಲೆ ಮಾಮೂಲಿ ಕೀವರ್ಡ್‌ಗಳ ನಡುವೆ ಕಲೆಸಿ ಹೋಗುವುದಿಲ್ಲ.

ವರ್ಚುವಲ್ ಕಾಪಿಗಳು ಬರುವುದಿಲ್ಲ. ಒಂದೇ ಫೋಟೋವನ್ನು ಕಪ್ಪುಬಿಳುಪಿನಲ್ಲಿ ಒಂದು, ಬಣ್ಣದಲ್ಲಿ ಒಂದು ಮಾಡಿಟ್ಟಿದ್ದರೆ ಎಕ್ಸ್‌ಎಂಪಿಗೆ ಹೋಗುವುದು ಮೂಲದ್ದು ಮಾತ್ರ. ಫೋಟೋಗಳನ್ನು ಒಂದರ ಮೇಲೊಂದು ಗುಂಪು ಮಾಡಿದ ಸ್ಟ್ಯಾಕ್ ಬರುವುದಿಲ್ಲ, ಎಡಿಟ್‌ನ ಹಿಸ್ಟರಿ ಬರುವುದಿಲ್ಲ.

ಎಡಿಟ್ ವಿಷಯ ಪ್ರೋಗ್ರಾಮ್ ಮೇಲೆ ಹೋಗುತ್ತದೆ. ಡಾರ್ಕ್‌ಟೇಬಲ್ ಲೈಟ್‌ರೂಮ್‌ನ ಎಕ್ಸ್‌ಎಂಪಿಯಿಂದ ಕ್ರಾಪ್, ಎಕ್ಸ್‌ಪೋಶರ್, ಟೋನ್ ಕರ್ವ್‌ನಂಥ ಕೆಲವನ್ನು ಎತ್ತಿಕೊಳ್ಳುತ್ತದೆ, ಅಂದಾಜಿನಲ್ಲಿ. ಕ್ಯಾಪ್ಚರ್ ಒನ್ ಇನ್ನೂ ಒಂದು ಹೆಜ್ಜೆ ಮುಂದೆ: ಲೈಟ್‌ರೂಮ್ ಕ್ಯಾಟಲಾಗ್ ಫೈಲ್ ಅನ್ನೇ ನೇರ ಓದಿ ಕಲೆಕ್ಷನ್‌ಗಳ ಜೊತೆಗೆ ಕ್ರಾಪ್, ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್, ಕಾಂಟ್ರಾಸ್ಟ್‌ನಂಥ ಕೆಲವು ಎಡಿಟ್‌ಗಳನ್ನು ತರಲು ನೋಡುತ್ತದೆ. ಮಾಸ್ಕ್ ಹಾಕಿ ಮುಖ ಮಾತ್ರ ಬೆಳಗಿಸಿದ್ದು, ಪ್ರಿಸೆಟ್ ಬಣ್ಣಗಳು, ಇವು ಹೋದವು ಎಂದೇ ತಿಳಿಯಿರಿ.

ಕನ್ನಡದಲ್ಲಿ ಕೀವರ್ಡ್ ಬರೆದವರಿಗೆ

ಇಂಗ್ಲಿಷ್ ವಿವರಣೆಗಳಲ್ಲಿ ಈ ಭಾಗ ಸಿಗುವುದಿಲ್ಲ, ಆದರೆ ನಮಗೆ ಬೇಕು.

ಎಕ್ಸ್‌ಎಂಪಿ ಬರೆಯುವುದು ಯೂನಿಕೋಡ್‌ನಲ್ಲಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಕನ್ನಡ ಯಾವ ಪ್ರೋಗ್ರಾಮ್‌ಗೆ ಹೋದರೂ ಕನ್ನಡವಾಗಿಯೇ ಇರುತ್ತದೆ. ತೊಂದರೆ ಇರುವುದು ಡಿಟಿಪಿ ಕಾಲದ ಹಳೆ ಆಸ್ಕಿ ಫಾಂಟ್‌ಗಳಲ್ಲಿ. ನುಡಿ, ಬರಹದ ಆ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಒಳಗಡೆ ಇಂಗ್ಲಿಷ್ ಚಿಹ್ನೆಗಳು. ಆಲ್ಬಂ ಡಿಸೈನ್‌ಗೆಂದು ಟೈಪ್ ಮಾಡಿದ ಹೆಸರನ್ನು ಕಾಪಿ ಮಾಡಿ ಕ್ಯಾಪ್ಷನ್‌ಗೆ ಹಾಕಿದ್ದರೆ ಅದು ಅಲ್ಲಿ ಅರ್ಥವಿಲ್ಲದ ಗೀಚಿನಂತೆ ಕಾಣುತ್ತಿರುತ್ತದೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಹಳೆ ಕಡೆ ಇರುವಾಗಲೇ ಇದನ್ನು ಸರಿಮಾಡಿಕೊಳ್ಳಿ.

ಇನ್ನೊಂದು ಉದ್ದದ ಸಮಸ್ಯೆ. ಎಕ್ಸ್‌ಎಂಪಿಗಿಂತ ಹಳೆಯದಾದ ಐಪಿಟಿಸಿ ಎಂಬ ಪದ್ಧತಿ ಇದೆ, ಪತ್ರಿಕೆಯವರಿಗೆ ಪರಿಚಯ. ಅದರಲ್ಲಿ ಒಂದು ಕೀವರ್ಡ್‌ಗೆ 64 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಆದರೆ ಕನ್ನಡದಲ್ಲಿ ಅಕ್ಷರ, ಅದರ ಕಾಗುಣಿತದ ಗುರುತು, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸಿ ಒಂದೊಂದಕ್ಕೆ ಮೂರು ಬೈಟ್ ಬೇಕು. 'ಗವಿಸಿದ್ಧೇಶ್ವರ ಜಾತ್ರೆ ಕೊಪ್ಪಳ' ಎಂದು ಒಂದೇ ಕೀವರ್ಡ್ ಹಾಕಿದರೆ 77 ಬೈಟ್ ಆಗುತ್ತದೆ. ಹಳೆ ಐಪಿಟಿಸಿಯನ್ನೂ ಬರೆಯುವ ಪ್ರೋಗ್ರಾಮ್ ಸಿಕ್ಕರೆ ಕೊಪ್ಪಳ ನಡುವೆಯೇ ಕತ್ತರಿಸಿ ಹೋಗಬಹುದು. 'ಗವಿಸಿದ್ಧೇಶ್ವರ ಜಾತ್ರೆ' ಒಂದು, 'ಕೊಪ್ಪಳ' ಇನ್ನೊಂದು ಎಂದು ಬಿಡಿಸಿ ಹಾಕಿ. ಹುಡುಕುವುದಕ್ಕೂ ಅದೇ ಅನುಕೂಲ.

ಎಡಿಟ್ ಮಾಡಿದ ಫೋಟೋಗಳನ್ನು ಏನು ಮಾಡುವುದು?

ಎಡಿಟ್ ಸಾಗಿಸಲು ಆಗದಿದ್ದರೆ ಉಳಿದ ದಾರಿ ಅದನ್ನು ಚಿತ್ರವಾಗಿಯೇ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳುವುದು. ಕೆಲವರು ಎಲ್ಲವನ್ನೂ 16 ಬಿಟ್ ಟಿಫ್ (ಗುಣಮಟ್ಟ ಕುಗ್ಗದ ದೊಡ್ಡ ಚಿತ್ರ ಫೈಲ್) ಮಾಡಿ ಎಂದು ಸಲಹೆ ಕೊಡುತ್ತಾರೆ. ಲೆಕ್ಕ ಹಾಕಿ ನೋಡೋಣ. 24 ಮೆಗಾಪಿಕ್ಸೆಲ್ ಫೋಟೋದಲ್ಲಿ 2.4 ಕೋಟಿ ಬಿಂದು. ಪ್ರತಿ ಬಿಂದುವಿಗೆ ಮೂರು ಬಣ್ಣ, ಪ್ರತಿ ಬಣ್ಣಕ್ಕೆ ಎರಡು ಬೈಟ್. ಗುಣಿಸಿದರೆ ಒತ್ತಿ ಕುಗ್ಗಿಸದ ಒಂದು ಫೋಟೋ 144 ಎಂಬಿ. ಒಂದು ಮದುವೆಯ 3,000 ಫೋಟೋಗೆ 432 ಜಿಬಿ. ಸೀಸನ್‌ನ ಎಲ್ಲ ಮದುವೆಗೂ ಹೀಗೆ ಮಾಡಿದರೆ ಹಾರ್ಡ್ ಡಿಸ್ಕ್ ಖರ್ಚು ಚಂದಾಕ್ಕಿಂತ ಜಾಸ್ತಿ ಆದೀತು.

ನನ್ನ ಲೆಕ್ಕದಲ್ಲಿ ಮೂರು ರಾಶಿ ಮಾಡಿಕೊಳ್ಳುವುದು ಸರಿ. ಪಾರ್ಟಿಗೆ ಕೊಟ್ಟು ಮುಗಿದ ಮದುವೆಗಳಿಗೆ ಪೂರ್ತಿ ಅಳತೆಯ ಒಳ್ಳೆ ಗುಣಮಟ್ಟದ ಜೆಪೆಗ್ ಸಾಕು. ಮತ್ತೆ ಪ್ರಿಂಟ್ ಕೇಳಿಕೊಂಡು ಬಂದರೆ ಅದರಿಂದಲೇ ಆಗುತ್ತದೆ. ಪ್ರದರ್ಶನಕ್ಕೆ, ಸ್ಪರ್ಧೆಗೆ ಇಟ್ಟುಕೊಂಡ ಕೆಲವೇ ಫೋಟೋಗಳಿಗೆ ಮಾತ್ರ ಟಿಫ್. ಉಳಿದ, ಯಾವತ್ತೂ ಮುಟ್ಟದ ರಾಶಿಗೆ ಏನೂ ಬೇಡ. ರಾ ಇದೆಯಲ್ಲ, ಬೇಕಾದರೆ ಮತ್ತೆ ಎಡಿಟ್ ಮಾಡಬಹುದು. ವರ್ಚುವಲ್ ಕಾಪಿಗಳನ್ನು ಮಾತ್ರ ಮರೆಯದೆ ಎಕ್ಸ್‌ಪೋರ್ಟ್ ಮಾಡಿ.

ಈ ಜೆಪೆಗ್‌ಗಳನ್ನು ರಾ ಇರುವ ಫೋಲ್ಡರ್‌ನ ಒಳಗೇ 'ಎಡಿಟ್ ಆದದ್ದು' ಎಂಬ ಇನ್ನೊಂದು ಫೋಲ್ಡರ್ ಮಾಡಿ ಇಡಿ. ಅದೇ ಹೆಸರಿನ ರಾ ಮತ್ತು ಜೆಪೆಗ್ ಒಂದೇ ಕಡೆ ಇದ್ದರೆ ಲೈಟ್‌ರೂಮ್ ಸಾಮಾನ್ಯವಾಗಿ ಒಂದೇ ಫೋಟೋ ಎಂದು ತೋರಿಸುತ್ತದೆ, ಡಾರ್ಕ್‌ಟೇಬಲ್ ಎರಡು ಎಂದು ಎಣಿಸುತ್ತದೆ. ಎಣಿಕೆ ತಾಳೆ ನೋಡುವಾಗ ತಲೆ ಕೆಡುತ್ತದೆ.

ಕೆಲಸದ ಕ್ರಮ

ಮೊದಲು ಬ್ಯಾಕಪ್. ಫೋಟೋ ಇರುವ ಡಿಸ್ಕ್‌ನದ್ದೂ, ಕ್ಯಾಟಲಾಗ್‌ನದ್ದೂ, ಬೇರೆ ಡಿಸ್ಕ್‌ಗೆ. ಆ ಡಿಸ್ಕ್ ಅನ್ನು ಕಂಪ್ಯೂಟರ್‌ನಿಂದ ತೆಗೆದು ಬೀರುವಿನಲ್ಲಿಡಿ. ಇನ್ನೊಂದು ಮಾತು: ರಾಯಚೂರಿನ ಶಕ್ತಿನಗರದಲ್ಲೂ ಬಳ್ಳಾರಿಯ ಕುಡಿತಿನಿಯಲ್ಲೂ ಕರೆಂಟ್ ತಯಾರಾಗುತ್ತದೆ ನಿಜ, ಆದರೂ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಸಾವಿರಾರು ಫೈಲ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಕ್ಯಾಟಲಾಗೇ ಕೆಡಬಹುದು.

ಮದುವೆಗೊಂದು ಕ್ಯಾಟಲಾಗ್ ಮಾಡುವ ಅಭ್ಯಾಸ ಇದ್ದವರು ಎಲ್ಲವನ್ನೂ ಒಂದರಲ್ಲಿ ಸೇರಿಸಿಕೊಂಡರೆ ಮುಂದಿನದು ಸಲೀಸು. ಫೈಲ್ ಮೆನುವಿನಲ್ಲಿ 'ಇಂಪೋರ್ಟ್ ಫ್ರಮ್ ಅನದರ್ ಕ್ಯಾಟಲಾಗ್' ಇದೆ. ಆಮೇಲೆ ಲೈಬ್ರರಿ ಮೆನುವಿನಲ್ಲಿ 'ಫೈಂಡ್ ಆಲ್ ಮಿಸ್ಸಿಂಗ್ ಫೋಟೋಸ್' ಒತ್ತಿ. ಕಾಣೆಯಾದ ಫೋಟೋಗೆ ಎಕ್ಸ್‌ಎಂಪಿ ಬರೆಯಲು ಆಗುವುದಿಲ್ಲ, ಪುಸ್ತಕದಲ್ಲಿ ಇರುವ ಚೀಲ ಗೋದಾಮಿನಲ್ಲೂ ಸಿಗಬೇಕು ತಾನೇ. ಆ ಡಿಸ್ಕ್ ಹುಡುಕಿ ಹಾಕಿ, ದಾರಿ ತೋರಿಸಿ.

ಕಲೆಕ್ಷನ್, ಫ್ಲಾಗ್, ಲೇಬಲ್ ಬಗ್ಗೆ ಮೇಲೆ ಹೇಳಿದ್ದನ್ನು ಮುಗಿಸಿ. ಆಮೇಲೆ ಗ್ರಿಡ್‌ನಲ್ಲಿ ಎಲ್ಲ ಫೋಟೋ ಆರಿಸಿ ಕಂಟ್ರೋಲ್ ಮತ್ತು ಎಸ್ ಒತ್ತಿ. ಮ್ಯಾಕ್ ಆದರೆ ಕಮಾಂಡ್ ಮತ್ತು ಎಸ್. ಇಷ್ಟರಲ್ಲೇ ಪ್ರತಿ ಚೀಲದ ಮೇಲೂ ವಿವರ ಬಿತ್ತು. ಲಕ್ಷ ಫೋಟೋ ಇದ್ದರೆ ರಾತ್ರಿ ಹಚ್ಚಿ ಮಲಗಿ. ಮರುದಿನ ನಾಲ್ಕಾರು ಫೋಲ್ಡರ್ ತೆರೆದು ರಾ ಪಕ್ಕದಲ್ಲಿ ಎಕ್ಸ್‌ಎಂಪಿ ಬಂದಿದೆಯಾ ಎಂದು ಕಣ್ಣಾರೆ ನೋಡಿ. ಜೆಪೆಗ್‌ಗಳ ವಿಷಯದಲ್ಲಿ ಒಂದು ಎಚ್ಚರ: ವಿವರ ಫೈಲ್‌ನೊಳಗೇ ಬರೆಯುವುದರಿಂದ ಆ ಫೈಲ್ 'ಬದಲಾಗಿದೆ' ಎಂದು ಕ್ಲೌಡ್ ಬ್ಯಾಕಪ್‌ಗೆ ಅನ್ನಿಸಿ ಅಷ್ಟನ್ನೂ ಮತ್ತೆ ಅಪ್‌ಲೋಡ್ ಮಾಡಲು ಹೊರಡಬಹುದು. ಇಂಟರ್ನೆಟ್ ಪ್ಲಾನ್ ನೋಡಿಕೊಳ್ಳಿ.

ಹೊಸ ಪ್ರೋಗ್ರಾಮ್‌ಗೆ ಮೊದಲೇ ಎಲ್ಲವನ್ನೂ ಸುರಿಯಬೇಡಿ. ಒಂದು ಮದುವೆ ಫೋಲ್ಡರ್‌ನ ಕಾಪಿ ಮಾಡಿ, ಅದನ್ನು ಮಾತ್ರ ತೋರಿಸಿ. ಸ್ಟಾರ್ ಬಂತಾ, ಕನ್ನಡ ಕೀವರ್ಡ್ ಸರಿಯಾಗಿ ಕಾಣುತ್ತಾ, ಲೇಬಲ್ ಬಣ್ಣ ಹೊಂದಿತಾ ನೋಡಿ. ಸರಿ ಇದ್ದರೆ ಪೂರ್ತಿ ಡಿಸ್ಕ್. ಇಂಪೋರ್ಟ್ ಮಾಡುವಾಗ ಎರಡು ಆಯ್ಕೆ ಕಾಣುತ್ತವೆ: ಫೋಟೋ ಇದ್ದಲ್ಲೇ ಸೇರಿಸು, ಅಥವಾ ಕಾಪಿ ಮಾಡು. ಇದ್ದಲ್ಲೇ ಸೇರಿಸುವುದನ್ನು ಆರಿಸಿ. ಇಲ್ಲದಿದ್ದರೆ ಎರಡು ಟಿಬಿ ಫೋಟೋ ನಾಲ್ಕು ಟಿಬಿ ಆಗುತ್ತದೆ.

ಕೊನೆಗೆ ತಾಳೆ. ಹಳೆಯದರಲ್ಲಿ ಐದು ಸ್ಟಾರ್ ಎಷ್ಟು, ಹೊಸದರಲ್ಲಿ ಎಷ್ಟು? 'ಪಟ್ಟಿ-ನೀರುನಾಯಿ' ಅಲ್ಲೆಷ್ಟು, ಇಲ್ಲೆಷ್ಟು? ಸಂಖ್ಯೆ ಹೊಂದದಿದ್ದರೆ ಯಾವ ಫೋಲ್ಡರ್‌ನಲ್ಲಿ ಕಡಿಮೆಯಾಯಿತು ಎಂದು ಒಂದೊಂದಾಗಿ ನೋಡುತ್ತಾ ಹೋದರೆ ಸಿಕ್ಕೇ ಸಿಗುತ್ತದೆ. ಹೆಚ್ಚಾಗಿ ಎಕ್ಸ್‌ಎಂಪಿ ಬರೆಯುವಾಗ ಹಾಕಿರದ ಯಾವುದೋ ಹಾರ್ಡ್ ಡಿಸ್ಕ್ ಇರುತ್ತದೆ.

ಇದಾದ ಮೇಲೆ ಎರಡೂ ಪ್ರೋಗ್ರಾಮ್‌ನಲ್ಲಿ ಒಂದೇ ಫೋಟೋಗಳ ಮೇಲೆ ಕೆಲಸ ಮಾಡಬೇಡಿ. ಒಂದು ಬರೆದದ್ದನ್ನು ಇನ್ನೊಂದು ಅಳಿಸೀತು. ಡಾರ್ಕ್‌ಟೇಬಲ್ ಈ ವಿಷಯದಲ್ಲಿ ಸಭ್ಯ: ಅಡೋಬಿಯ ಎಕ್ಸ್‌ಎಂಪಿ ಮುಟ್ಟದೆ ಬೇರೆಯೇ ಹೆಸರಿನಲ್ಲಿ ತನ್ನದನ್ನು ಬರೆದುಕೊಳ್ಳುತ್ತದೆ, ಹೆಸರಿನ ನಡುವೆ ಎನ್‌ಇಎಫ್ ಕೂಡ ಸೇರಿಸಿ. ಎಲ್ಲ ಪ್ರೋಗ್ರಾಮ್‌ಗಳೂ ಹಾಗಿರುವುದಿಲ್ಲ.

ಎಲ್ಲಿಗೆ ಹೋಗುವುದು?

ಇದು ಅವರವರ ಕೆಲಸಕ್ಕೆ ಬಿಟ್ಟದ್ದು, ಚುಟುಕಾಗಿ ಹೇಳುತ್ತೇನೆ. ಡಾರ್ಕ್‌ಟೇಬಲ್ 2009ರಿಂದ ಇರುವ ಉಚಿತ ಪ್ರೋಗ್ರಾಮ್, ವಿಂಡೋಸ್‌ನಲ್ಲೂ ನಡೆಯುತ್ತದೆ. ಶಕ್ತಿಶಾಲಿ, ಆದರೆ ಕಲಿಯಲು ಸಮಯ ಬೇಕು. ಡಿಜಿಕ್ಯಾಮ್ ಕೂಡ ಉಚಿತ. ಫೋಟೋ ಹುಡುಕಲು, ಜೋಡಿಸಿಡಲು ಅದು ಚೆನ್ನ. ಕ್ಯಾಪ್ಚರ್ ಒನ್, ಡಿಎಕ್ಸ್ಓ ಫೋಟೋಲ್ಯಾಬ್‌ಗೆ ದುಡ್ಡು ಬೇಕು. ಅಫಿನಿಟಿ ಬಗ್ಗೆ ತುಂಬ ಜನ ಕೇಳುತ್ತಾರೆ. ಅದು ಫೋಟೋಶಾಪ್ ಜಾಗಕ್ಕೆ ಬರುವಂಥದ್ದು, ಲಕ್ಷ ಫೋಟೋ ಜೋಡಿಸಿಡುವ ಲೈಬ್ರರಿ ಅಲ್ಲ.

ಪಿಕಾಸಾ ಕಾಲದ ಫೋಟೋಗಳು

ಲೈಟ್‌ರೂಮ್‌ಗೂ ಮುಂಚೆ ನಮ್ಮಲ್ಲಿ ಮನೆ ಮನೆಯಲ್ಲೂ ಪಿಕಾಸಾ ಇತ್ತು. ಗೂಗಲ್ 2016ರಲ್ಲಿ ಅದನ್ನು ನಿಲ್ಲಿಸಿತು. ಹಳೆ ಕಂಪ್ಯೂಟರ್‌ನಿಂದ ಆ ಫೋಲ್ಡರ್‌ಗಳನ್ನು ಎತ್ತುವಾಗ ಅಡಗಿರುವ ಫೈಲ್‌ಗಳನ್ನೂ ತೋರಿಸುವಂತೆ ವಿಂಡೋಸ್‌ಗೆ ಹೇಳಿ. ಪಿಕಾಸಾ ತನ್ನ ಎಡಿಟ್ ಮತ್ತು ಸ್ಟಾರ್ ವಿವರವನ್ನು ಪ್ರತಿ ಫೋಲ್ಡರ್‌ನ ಅಡಗಿರುವ 'ಪಿಕಾಸಾ.ಐಎನ್‌ಐ' ಎಂಬ ಫೈಲ್‌ನಲ್ಲಿ ಇಡುತ್ತಿತ್ತು. ಎಡಿಟ್ ಮಾಡಿ ಸೇವ್ ಒತ್ತಿದ ಫೋಟೋದ ಮೂಲ ಪ್ರತಿ 'ಪಿಕಾಸಾಒರಿಜಿನಲ್ಸ್' ಎಂಬ ಅಡಗಿರುವ ಫೋಲ್ಡರ್‌ಗೆ ಹೋಗುತ್ತಿತ್ತು. ಕಣ್ಣಿಗೆ ಕಾಣುವುದನ್ನು ಮಾತ್ರ ಕಾಪಿ ಮಾಡಿದರೆ ಸಿಗುವುದು ಬಣ್ಣ ಏರಿಸಿ ಕ್ರಾಪ್ ಮಾಡಿದ ಪ್ರತಿ, ಮೂಲ ಅಲ್ಲೇ ಉಳಿಯುತ್ತದೆ. ಕ್ಯಾಪ್ಷನ್‌ಗಳು ಮಾತ್ರ ಜೆಪೆಗ್‌ನೊಳಗೇ ಇರುತ್ತವೆ.

ಚಂದಾ ನಿಂತ ಮೇಲೆ ಲೈಟ್‌ರೂಮ್ ಏನಾಗುತ್ತದೆ?

ಪೂರ್ತಿ ಬೀಗ ಬೀಳುವುದಿಲ್ಲ. ಚಂದಾ ಮುಗಿದ ಮೇಲೂ ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತದೆ, ಫೋಟೋ ನೋಡಬಹುದು, ಹುಡುಕಬಹುದು, ಆಗಲೇ ಮಾಡಿದ ಎಡಿಟ್ ಜೊತೆಗೇ ಎಕ್ಸ್‌ಪೋರ್ಟ್ ಮಾಡಬಹುದು. ನಿಲ್ಲುವುದು ಡೆವಲಪ್ ಮತ್ತು ಮ್ಯಾಪ್ ವಿಭಾಗಗಳು. ಹಾಗಾಗಿ ಚಂದಾ ನಿಂತ ದಿನವೇ ಅದನ್ನು ಅನ್‌ಇನ್‌ಸ್ಟಾಲ್ ಮಾಡುವ ಅವಸರ ಬೇಡ. ಹಳೆ ಪಾರ್ಟಿ ಬಂದು 'ಅದೇ ಥರ ಇನ್ನೊಂದು ಪ್ರಿಂಟ್' ಎಂದರೆ ಬೇಕಾಗುತ್ತದೆ.

ಕ್ಯಾಟಲಾಗ್ ಫೈಲ್ ಅನ್ನಂತೂ ಅಳಿಸಬೇಡಿ. ಫೋಟೋಗಳ ರಾಶಿಗೆ ಹೋಲಿಸಿದರೆ ಅದರ ತೂಕ ಏನೂ ಇಲ್ಲ. ಅದರ ಪಕ್ಕದಲ್ಲಿ ಕೊನೆಗೆ 'ಡೇಟಾ' ಎಂದು ಸೇರಿಸಿದ ಅದೇ ಹೆಸರಿನ ಫೈಲ್ ಇದ್ದರೆ ಅದನ್ನೂ ಜೊತೆಗಿಡಿ. ಜಾಗ ತಿನ್ನುವುದು ಪರದೆಯ ಮೇಲೆ ಬೇಗ ತೋರಿಸಲು ಮಾಡಿಟ್ಟ ಚಿತ್ರಗಳ 'ಪ್ರೀವ್ಯೂಸ್' ಎಂಬುದು, ಅದು ಹೋದರೆ ನಷ್ಟ ಇಲ್ಲ. ಕ್ಯಾಟಲಾಗ್ ಒಳಗಡೆ ಒಂದು ಎಸ್‌ಕ್ಯುಲೈಟ್ ಡೇಟಾಬೇಸ್. ಮುಂದೆ ಯಾವತ್ತಾದರೂ ಲೈಟ್‌ರೂಮೇ ಇಲ್ಲದ ಕಂಪ್ಯೂಟರ್‌ನಲ್ಲಿ ಯಾವ ಕಲೆಕ್ಷನ್‌ನಲ್ಲಿ ಏನಿತ್ತು ಎಂದು ನೋಡಬೇಕಾದರೆ ಅದರ ಒಂದು ಕಾಪಿ ಮಾಡಿ, 'ಡಿಬಿ ಬ್ರೌಸರ್ ಫಾರ್ ಎಸ್‌ಕ್ಯುಲೈಟ್' ಎಂಬ ಉಚಿತ ಪ್ರೋಗ್ರಾಮ್‌ನಲ್ಲಿ ತೆರೆದರೆ ಕಲೆಕ್ಷನ್ ಹೆಸರುಗಳು, ಫೈಲ್ ಹೆಸರುಗಳು ಕೋಷ್ಟಕಗಳಾಗಿ ಕಾಣುತ್ತವೆ. ಅದನ್ನು ಓದುವುದಕ್ಕೆ ಯಾರ ಚಂದಾವೂ ಬೇಕಾಗಿಲ್ಲ.